ಎಸ್ಟೋನಿಯಾಕ್ಕೆ ಹೋಗಿ ಬದನವಾಳು ಹುಡುಕಿದ್ದು

ಹೊರಡುವ ಮೊದಲು

ನಾನು ತಿ. ನರಸೀಪುರದ ಒಂದು ಪದವಿ ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುವವಳು. ಮನೆ ನಂಜನಗೂಡಿನಲ್ಲಿ. ಹತ್ತೊಂಬತ್ತು ವರ್ಷಗಳಿಂದ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲಿ ಬರುತ್ತೇನೆ. ಪ್ರಪಂಚದ ನಕಾಶೆಯನ್ನು ಬೋರ್ಡಿಗೆ ನೇತುಹಾಕಿ ಕೋಲಿನಿಂದ ತೋರಿಸಿದ್ದೇನೆಯೇ ಹೊರತು ಕಡಲು ದಾಟಿದವಳಲ್ಲ. ಅಂಥವಳನ್ನು ಎಸ್ಟೋನಿಯಾ ಎಂಬ ದೇಶಕ್ಕೆ ಕಳುಹಿಸಿದ್ದು ನಮ್ಮ ಪ್ರಿನ್ಸಿಪಾಲರು.

ಕಾಲೇಜುಗಳು ತಮ್ಮ ದಾಖಲೆಗಳನ್ನೆಲ್ಲ ಕ್ಲೌಡಿಗೆ ಹಾಕಲು ಎಷ್ಟು ಸಿದ್ಧವಾಗಿವೆ, ಹಾಕಿದ ಮೇಲೆ ಅದರ ಉಸ್ತುವಾರಿ ಯಾರದು ಎಂದು ತಾವೇ ಅಳೆದು ನೋಡಿಕೊಳ್ಳುವ ಒಂದು ವಾರದ ಕಾರ್ಯಾಗಾರ ಅದು. ಹಲವು ದೇಶಗಳ ಸಣ್ಣ ಊರುಗಳ ಕಾಲೇಜುಗಳನ್ನು ಕರೆದಿದ್ದರು. ಖರ್ಚೆಲ್ಲ ಕರೆದವರದೇ. ನಮ್ಮಲ್ಲಿ ಕಂಪ್ಯೂಟರ್ ಓದಿಕೊಂಡ ಇಬ್ಬರು ಮೇಷ್ಟರುಗಳಿಗೂ ಪಾಸ್‌ಪೋರ್ಟ್ ಇರಲಿಲ್ಲ. ತಂಗಿಯನ್ನು ನೋಡಲು ಮಸ್ಕತ್ತಿಗೆ ಹೋಗಬೇಕೆಂದು ಮಾಡಿಸಿ, ಹೋಗದೆ ಉಳಿದ ಪಾಸ್‌ಪೋರ್ಟ್ ನನ್ನ ಬೀರುವಿನಲ್ಲಿತ್ತು. ಪ್ರಿನ್ಸಿಪಾಲರು ನಗುತ್ತಾ, “ಮೋಡದ ಪಾಠ ನಿಮ್ಮದೇ ಅಲ್ವಾ ಮೇಡಂ, ಹೋಗ್ಬನ್ನಿ” ಎಂದರು.

ಅವರು ಪೂರ್ತಿ ತಮಾಷೆ ಮಾಡುತ್ತಿರಲಿಲ್ಲ. ಮೂರು ವರ್ಷಗಳಿಂದ ಕಾಲೇಜಿನ ಡ್ರೈವ್ ನೋಡಿಕೊಳ್ಳುತ್ತಿದ್ದವಳು ನಾನೇ. ಹಾಜರಿ, ಆಂತರಿಕ ಪರೀಕ್ಷೆಯ ಅಂಕ, ಪ್ರವೇಶದ ಅರ್ಜಿ ಎಲ್ಲವನ್ನೂ ಸ್ಕ್ಯಾನ್ ಮಾಡಿಸಿ ಅದರಲ್ಲಿ ಹಾಕಿಸಿದ್ದೆ. ಆಮೇಲೆ ಕಾಗದದ ಕಟ್ಟುಗಳನ್ನು ಗುಜರಿಗೆ ಕೊಡಿಸಿದ್ದೂ ನಾನೇ. ಕಟ್ಟುಗಳಿದ್ದ ಕೋಣೆಯ ಬಾಗಿಲ ಮೇಲೆ ‘ಕಾಗದರಹಿತ ಕಚೇರಿ’ ಎಂಬ ಬೋರ್ಡು ಬಂತು. ಆ ಕೋಣೆಯಲ್ಲಿ ಹೊಸ ಜೆರಾಕ್ಸ್ ಮಿಷನ್ನು ಕೂತಿತು.

ಹೊರಡುವ ಹಿಂದಿನ ದಿನ ಪ್ರಿನ್ಸಿಪಾಲರೂ ನಾನೂ ಕೂತು ಕಾರ್ಯಾಗಾರದವರು ಕಳುಹಿಸಿದ್ದ ಪ್ರಶ್ನಾವಳಿ ತುಂಬಿದೆವು. ದತ್ತಾಂಶದ ಒಡೆಯರು ಯಾರು, ಕಾಯುವವರು ಯಾರು, ತಪ್ಪಾದರೆ ಜವಾಬು ಹೇಳುವವರು ಯಾರು ಎಂದು ಮೂರು ಬೇರೆ ಬೇರೆ ಪ್ರಶ್ನೆಗಳಿದ್ದವು. ಮೂರೂ ಒಂದೇ ಅಲ್ಲವೇ ಎಂದು ಕೇಳಿದೆ. ಪ್ರಿನ್ಸಿಪಾಲರು ಮೂರಕ್ಕೂ ‘ಕಾಲೇಜು’ ಎಂದು ಬರೆಸಿದರು. ಕೊನೆಯಲ್ಲಿ ಒಂದರಿಂದ ಐದರವರೆಗೆ ನಮಗೆ ನಾವೇ ಅಂಕ ಕೊಟ್ಟುಕೊಳ್ಳಬೇಕಿತ್ತು. “ನಾಲ್ಕು ಹಾಕಿ. ಐದು ಹಾಕಿದ್ರೆ ಜಂಬ ಅಂದ್ಕೋತಾರೆ” ಎಂದರು. ನಾಲ್ಕು ಬಂದವರಿಗೆ ಮುಂದಿನ ಹಂತದಲ್ಲಿ ಹೊಸ ಕಂಪ್ಯೂಟರ್ ಲ್ಯಾಬ್ ಸಿಗುವುದಿತ್ತು.

ತಾಲಿನ್, ಬಸ್ ನಿಲ್ದಾಣ

ರಾಜಧಾನಿ ತಾಲಿನ್‌ನಲ್ಲಿ ಇಳಿದು, ಅಲ್ಲಿಂದ ತಾರ್ತು ಎಂಬ ಊರಿಗೆ ಬಸ್ಸಿನಲ್ಲಿ ಹೋಗಬೇಕು. ನಿಲ್ದಾಣದಲ್ಲಿ ಏಳೆಂಟು ಜನ ಅಲ್ಲೊಬ್ಬರು ಇಲ್ಲೊಬ್ಬರು ನಿಂತಿದ್ದರು. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದು ಎಮ್ಮೆ ಕಟ್ಟುವಷ್ಟು ಜಾಗ. ಇವರು ಯಾರನ್ನೋ ಕಾಯುತ್ತಿದ್ದಾರೆ ಎಂದುಕೊಂಡು, ಬಸ್ಸು ಬಂದ ತಕ್ಷಣ ನಮ್ಮೂರಿನ ಅಭ್ಯಾಸದಂತೆ ಚೀಲ ಎತ್ತಿಕೊಂಡು ಮೊದಲು ಹತ್ತಿದೆ. ಆ ಏಳೆಂಟು ಜನ ಒಬ್ಬರ ಹಿಂದೊಬ್ಬರು ಸದ್ದಿಲ್ಲದೆ ಹತ್ತಿದಾಗಲೇ ಅದೇ ಅಲ್ಲಿನ ಸರತಿಸಾಲು ಎಂದು ತಿಳಿದದ್ದು. ಯಾರೂ ಏನೂ ಅನ್ನಲಿಲ್ಲ. ಒಬ್ಬರಾದರೂ ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಬಸ್ಸು ಹೊರಟ ಸ್ವಲ್ಪ ಹೊತ್ತಿಗೆ ನಮ್ಮ ಕಚೇರಿಯ ಗುಮಾಸ್ತ ಮಹದೇವು ಫೋನ್ ಮಾಡಿದ. ಒಳ್ಳೆಯ ಕೆಲಸಗಾರ, ಆದರೆ ದೂರದೂರಿಗೆ ಮಾತಾಡುವಾಗ ದೂರಕ್ಕೆ ತಕ್ಕಷ್ಟು ಜೋರಾಗಿಯೇ ಮಾತಾಡಬೇಕು ಎಂಬ ನಂಬಿಕೆಯವನು. ನಾನು ಸುರಕ್ಷಿತವಾಗಿ ತಲುಪಿದೆನೇ ಎಂದು ಅವನು ಕೇಳಿದ್ದು ಹಿಂದಿನ ಸೀಟಿನವರೆಗೂ ಕೇಳಿಸಿತು. ನಾನೂ ಅಷ್ಟೇ ಜೋರಾಗಿ ಉತ್ತರ ಕೊಟ್ಟೆ. ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯ ಹೊರಗೆ ಇನ್ನಷ್ಟು ಶ್ರದ್ಧೆಯಿಂದ ನೋಡತೊಡಗಿದರು. ಹೊರಗೆ ಮರ ಬಿಟ್ಟರೆ ಮರ.

ತಾರ್ತು, ಸೋಮವಾರ

ಅದು ಜೂನ್ ತಿಂಗಳು. ಅಷ್ಟು ಉತ್ತರಕ್ಕೆ ಹೋದರೆ ಬೇಸಿಗೆಯಲ್ಲಿ ಸೂರ್ಯ ಬೇಗ ಮುಳುಗುವುದಿಲ್ಲ ಎಂದು ಮಕ್ಕಳಿಗೆ ಗ್ಲೋಬ್ ತಿರುಗಿಸಿ ಎಷ್ಟು ಸಲ ಹೇಳಿಕೊಟ್ಟಿದ್ದೇನೋ. ಆದರೂ ಮೊದಲ ಸಂಜೆ ಕತ್ತಲಾಗಲಿ, ಊಟಕ್ಕೆ ಹೋಗೋಣ ಎಂದು ಹಾಸ್ಟೆಲ್ ಕೋಣೆಯಲ್ಲಿ ಕಾದೇ ಕಾದೆ. ಕತ್ತಲಾಗಲಿಲ್ಲ, ಕ್ಯಾಂಟೀನು ಮುಚ್ಚಿತು. ಪಾಠ ಮಾಡುವುದಕ್ಕೂ ಹೊಟ್ಟೆ ಹಸಿಯುವುದಕ್ಕೂ ಸಂಬಂಧವಿಲ್ಲ.

ಬೆಳಿಗ್ಗೆ ಬುಟ್ಟಿಯಲ್ಲಿ ಕಪ್ಪಗಿನ ರೊಟ್ಟಿ ಇಟ್ಟಿದ್ದರು. ಬಣ್ಣ ನೋಡಿ ರಾಗಿಯೇ ಇರಬೇಕೆಂದು ಜೀವ ಬಂದಂತಾಗಿ ದೊಡ್ಡ ತುಂಡು ಕಿತ್ತು ಬಾಯಿಗಿಟ್ಟೆ. ಹುಳಿ. ನಮ್ಮಲ್ಲಾದರೆ ನಿನ್ನೆಯದು ಎಂದು ಹಸುವಿಗೆ ಹಾಕುತ್ತಾರೆ. ಚಟ್ನಿಪುಡಿ ಹಚ್ಚಿಕೊಂಡು ತಿಂದೆ, ಪರವಾಗಿಲ್ಲ ಅನ್ನಿಸಿತು. ಮೂರನೆಯ ದಿನಕ್ಕೆ ನಾನೇ ಅದನ್ನು ಹುಡುಕಿಕೊಂಡು ಹೋಗುತ್ತಿದ್ದೆ.

ಪ್ರತಿಯೊಬ್ಬರಿಗೂ ಅಲ್ಲಿನ ಒಬ್ಬ ಜೊತೆಗಾರರನ್ನು ಕೊಟ್ಟಿದ್ದರು. ನನ್ನ ಪಾಲಿಗೆ ಬಂದವಳು ಮಾರಿಕಾ. ನನ್ನದೇ ವಯಸ್ಸು, ವಿಶ್ವವಿದ್ಯಾಲಯದ ದಾಖಲೆ ವಿಭಾಗದಲ್ಲಿ ಕೆಲಸ. ಕಡಿಮೆ ಮಾತು. ನಾನು ಮನೆ, ಮಕ್ಕಳು, ಊಟ ಆಯಿತೇ ಎಂದು ವಿಚಾರಿಸಿದರೆ ಯೋಚಿಸಿ, ಒಂದೇ ಪದದಲ್ಲಿ ಉತ್ತರ ಕೊಟ್ಟು ಸುಮ್ಮನಾಗುತ್ತಿದ್ದಳು. ನನ್ನ ಮೇಲೆ ಏನಾದರೂ ಸಿಟ್ಟೇ ಎಂದು ನನಗೆ ಅನುಮಾನ. ಸಂಜೆ ತನ್ನ ಮನೆಗೆ ಕರೆದೊಯ್ದಳು. ಬಾಗಿಲಲ್ಲೇ ಚಪ್ಪಲಿ ಬಿಡಬೇಕೆಂದು ಗೊತ್ತಾದಾಗ, ಇದು ಎಲ್ಲೋ ನಮ್ಮ ಕಡೆಯದೇ ದೇಶ ಎನ್ನಿಸಿ ಸಲಿಗೆ ಬಂತು. ಹಿತ್ತಲಲ್ಲಿ ಆಲೂಗಡ್ಡೆ ಹಾಕಿದ್ದಳು. ಬದಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಕಳೆ ಕೀಳುತ್ತಾ ಇಬ್ಬರೂ ಸುಮ್ಮನಿದ್ದೆವು. ಅಲ್ಲಿ ಸುಮ್ಮನಿರುವುದೂ ಒಂದು ಮಾತುಕತೆ ಎಂದು ನನಗೆ ಆಗ ಸ್ವಲ್ಪ ಅರ್ಥವಾಯಿತು.

ಮಂಗಳವಾರ

ಪ್ರಶ್ನಾವಳಿಯಲ್ಲಿ ಬರೆದದ್ದನ್ನು ಜೊತೆಗಾರರಿಗೆ ತೆರೆದು ತೋರಿಸಬೇಕಿತ್ತು. ನಾನು ಹೆಮ್ಮೆಯಿಂದ ಲ್ಯಾಪ್‌ಟಾಪಿನಲ್ಲಿ ಕಾಲೇಜಿನ ಡ್ರೈವಿಗೆ ಹೋದೆ. ಪಾಸ್‌ವರ್ಡ್ ಹಾಕಿದರೆ, ಅಪರಿಚಿತ ದೇಶದಿಂದ ಯಾರೋ ಪ್ರವೇಶಿಸಲು ನೋಡುತ್ತಿದ್ದಾರೆ, ಆದ್ದರಿಂದ ಖಾತೆಗೆ ಬೀಗ ಹಾಕಲಾಗಿದೆ ಎಂದು ಬಂತು. ಆ ಅಪರಿಚಿತಳು ನಾನೇ ಎಂದು ಹೇಳುವ ಜಾಗ ಎಲ್ಲೂ ಇರಲಿಲ್ಲ. ನಲವತ್ತೇಳರಲ್ಲಿ ಕೊನೆಯಾಗುವ ಮೊಬೈಲಿಗೆ ಒಟಿಪಿ ಕಳುಹಿಸಬಹುದು, ಅದನ್ನು ಹಾಕಿದರೆ ತೆಗೆಯುತ್ತೇನೆ ಎಂದಷ್ಟೇ ಇತ್ತು.

ನನ್ನ ನಂಬರು ಹದಿನೆಂಟರಲ್ಲಿ ಕೊನೆಯಾಗುತ್ತದೆ. ಪ್ರಿನ್ಸಿಪಾಲರದು ಅರವತ್ತು. ನಲವತ್ತೇಳು ಯಾರು?

ಮಾರಿಕಾ ಪೆನ್ನು ಹಿಡಿದು ಕೇಳಿದಳು. “ನೀನು ನಾಳೆ ಸತ್ತುಹೋದರೆ ಇದನ್ನು ಯಾರು ತೆರೆಯುತ್ತಾರೆ?”

ನಮ್ಮಲ್ಲಿ ಹಾಗೆ ಕೇಳಿದವರಿಗೆ ‘ಬಿಡ್ತು ಅನ್ನು’ ಎನ್ನುತ್ತೇವೆ. ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೋ ತಿಳಿಯಲಿಲ್ಲ. ಮನಸ್ಸಿನಲ್ಲೇ ‘ಬಿಡ್ತು’ ಅಂದುಕೊಂಡೆ. ಆಮೇಲೆ ನಿಧಾನವಾಗಿ ಹೊಳೆಯಿತು: ನಾನು ಸಾಯುವ ಮಾತು ಹಾಗಿರಲಿ, ಬದುಕಿ ಅವಳೆದುರು ಕೂತಿರುವಾಗಲೇ ನನಗೆ ತೆರೆಯಲು ಆಗುತ್ತಿಲ್ಲ.

ಅಷ್ಟರಲ್ಲಿ ಮಹದೇವುವಿನ ಫೋನು ಬಂತು. “ಮೇಡಂ, ಕಂಪ್ಯೂಟ್ರು ಒಳೀಕೇ ಬುಡ್ತಾ ಇಲ್ಲ. ನಮ್ಮುನ್ನೇ ಕಳ್ರು ಅಂತದೆ” ಎಂದ. ಬೀಗ ಅಲ್ಲೂ ಬಿದ್ದಿತ್ತು. ಇಷ್ಟೇ ಆಗಿದ್ದರೆ ವಾರ ಕಳೆದು ನೋಡಬಹುದಿತ್ತು. ಆದರೆ ತಗಡೂರಿನ ಸಹನಾ ಅವನೆದುರು ನಿಂತಿದ್ದಳು. ಕೊನೆಯ ವರ್ಷದ ಹುಡುಗಿ, ನನ್ನ ಕ್ಲಾಸಿನವಳು. ಫಲಿತಾಂಶದಲ್ಲಿ ಭೂಗೋಳದ ಆಂತರಿಕ ಪರೀಕ್ಷೆಗೆ ಗೈರುಹಾಜರು ಎಂದು ಬಂದು ಫೇಲಾಗಿದ್ದಳು. ಅವಳು ಬರೆದಿದ್ದಳು, ನಾನೇ ತಿದ್ದಿದ್ದೆ. ಕಾಲೇಜಿನ ಸಹಿ ಇರುವ ಅಂಕಪಟ್ಟಿಯನ್ನು ಗುರುವಾರ ಸಂಜೆ ಐದರೊಳಗೆ ನಮ್ಮ ವಿಶ್ವವಿದ್ಯಾಲಯದ ಜಾಲತಾಣಕ್ಕೆ ಏರಿಸಿದರೆ ತಿದ್ದುಪಡಿ ಆಗುತ್ತದೆ. ಇಲ್ಲದಿದ್ದರೆ ಅವಳ ಪದವಿ ಆ ವರ್ಷ ಮುಗಿಯುವುದಿಲ್ಲ, ಬಿ.ಎಡ್. ಸೀಟೂ ಹೋಗುತ್ತದೆ. ಆ ಪಟ್ಟಿ ಇರುವುದು ಡ್ರೈವಿನಲ್ಲಿ.

ಕಾಗದದ ಮೂಲ ಪ್ರತಿ ಹುಡುಕಲೇ ಎಂದು ಮಹದೇವು ಕೇಳಿದ. ಅದು ಎಲ್ಲಿ ಹೋಯಿತೆಂದು ಅವನಿಗೂ ಗೊತ್ತು. ಕಟ್ಟುಗಳನ್ನು ಆಟೋಗೆ ಹಾಕಿದವನು ಅವನೇ, ಹಾಕು ಎಂದವಳು ನಾನು. ಆದರೂ ನನ್ನ ಬಾಯಿಂದ ಬರಲಿ ಎಂದು ಕೇಳಿದನೋ ಏನೋ. ಫೋನಿನ ಆ ಕಡೆ ಸಹನಾ ಅಳುತ್ತಿರಲಿಲ್ಲ. “ಮೇಡಂಗೆ ಗಾಬ್ರಿ ಆಗ್ಬೇಡಿ ಅನ್ನಿ ಸಾ” ಎನ್ನುತ್ತಿದ್ದಳು.

ಬುಧವಾರ

ಬೆಳಿಗ್ಗೆಯಿಡೀ ನಲವತ್ತೇಳರ ಹುಡುಕಾಟ. ಅಲ್ಲಿಗೂ ನಮಗೂ ಎರಡೂವರೆ ಗಂಟೆ ವ್ಯತ್ಯಾಸ, ನಮ್ಮದು ಮುಂದೆ. ನಾನು ತಿಂಡಿಗೆ ಹೋಗುವಾಗ ಮಹದೇವು ಮಧ್ಯಾಹ್ನದ ಊಟದ ಡಬ್ಬಿ ನೋಡುತ್ತಿರುತ್ತಾನೆ. ಹಾಜರಿ ಪುಸ್ತಕ, ಹಳೆಯ ಗ್ರೂಪು, ಸಿಬ್ಬಂದಿಯ ಪಟ್ಟಿ ಎಲ್ಲ ಜಾಲಾಡಿದ. ಕೊನೆಗೆ ಸ್ಟಾಫ್ ರೂಮಿನ ಬೀರುವಿನ ಬಾಗಿಲಿಗೆ ಯಾವಾಗಲೋ ಅಂಟಿಸಿದ್ದ ಅತಿಥಿ ಉಪನ್ಯಾಸಕರ ಚೀಟಿಯಲ್ಲಿ ಸಿಕ್ಕಿತು. ಕುಮಾರ, ಬದನವಾಳು. ಅದು ನಮ್ಮ ನಂಜನಗೂಡಿನ ಕಡೆಯ ಹಳ್ಳಿ.

ನೆನಪಾಯಿತು. ಲಾಕ್‌ಡೌನಿನ ವರ್ಷ ಈ ಖಾತೆ ತೆರೆದುಕೊಟ್ಟವನೇ ಕುಮಾರ. ಮುಂದಿನ ವರ್ಷ ಅವನನ್ನು ಮತ್ತೆ ತೆಗೆದುಕೊಳ್ಳಲಿಲ್ಲ. ಅವನಿಗೆ ಒಂದು ಬೀಳ್ಕೊಡುಗೆ ಕೂಡ ಮಾಡಿರಲಿಲ್ಲ. ಹೋಗುವ ದಿನ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ನನ್ನ ಕೈಗೆ ಕೊಟ್ಟು ಹೋಗಿದ್ದ. ಖಾತೆಗೆ ಕೊಟ್ಟಿದ್ದ ಅವನ ನಂಬರನ್ನು ಬದಲಾಯಿಸಬೇಕೆಂದು ಆಗ ನಾವು ಯಾರೂ ಯೋಚಿಸಲಿಲ್ಲ.

ಆ ನಂಬರಿಗೆ ಮಹದೇವು ಕಚೇರಿಯ ಫೋನಿನಿಂದ ಕರೆ ಮಾಡಿ, ನನ್ನ ಕರೆ ಇದ್ದ ತನ್ನ ಮೊಬೈಲನ್ನು ಅದಕ್ಕೆ ಎದುರುಬದುರಾಗಿ ಹಿಡಿದ. ಎತ್ತಿದವರು ಕುಮಾರನ ತಾಯಿ ಚಿಕ್ಕತಾಯಮ್ಮ. ಹಾಲಿನ ಡೈರಿಯಿಂದ ಮೆಸೇಜು ಬರಲೆಂದು ಮಗ ಹಳೆಯ ಸಿಮ್ಮನ್ನು ತಾಯಿಗೆ ಕೊಟ್ಟು, ತಾನು ಹೊಸದು ತೆಗೆದುಕೊಂಡಿದ್ದ. ಈಗ ಬಾಳೆಕಾಯಿ ವ್ಯಾಪಾರ. ಟೆಂಪೋ ತೆಗೆದುಕೊಂಡು ಕೇರಳದ ಕಡೆ ಹೋಗಿದ್ದಾನೆ, ಘಾಟಿಯಲ್ಲಿ ಫೋನು ಸಿಗುವುದಿಲ್ಲ ಎಂದರು.

ನಾನು ಇಂಥವಳು, ಇಂಥ ಕಾಲೇಜಿನವಳು, ಈಗ ವಿದೇಶದಿಂದ ಮಾತಾಡುತ್ತಿದ್ದೇನೆ, ನಿಮ್ಮ ಫೋನಿಗೆ ಆರು ಅಂಕಿಯ ಒಂದು ಮೆಸೇಜು ಬರುತ್ತದೆ, ಅದನ್ನು ಸ್ವಲ್ಪ ಓದಿ ಹೇಳಿ ಎಂದು ಕೇಳಿದೆ. ಆಡುವಾಗಲೇ ನನ್ನ ಮಾತು ನನಗೇ ಹೇಗೆ ಕೇಳಿಸಿತೆಂದರೆ, ನಾನಾಗಿದ್ದರೂ ಫೋನು ಇಟ್ಟುಬಿಡುತ್ತಿದ್ದೆ.

“ಓಟೀಪಿ ಯಾರ್ಗೂ ಏಳ್ಬ್ಯಾಡ ಅಂದವ್ನೆ ನನ್ ಮಗ” ಎಂದರು ಚಿಕ್ಕತಾಯಮ್ಮ.

“ನಾನು ಕುಮಾರನ ಜೊತೆ ಕೆಲಸ ಮಾಡಿದವಳೇ ಕಣಮ್ಮ.”

“ಇರ್ಬೌದು ಕಣವ್ವ. ಸುಳ್ಳು ಅಂತ ನಾನಂದ್ನಾ? ಯಾರ್ಗೂ ಅಂದ್ರೆ ಯಾರ್ಗೂ. ನೀವೂ ಅದ್ರಾಗೇ ಬತ್ತೀರಿ.”

ಫೋನು ಇಟ್ಟರು. ಪಕ್ಕದಲ್ಲಿದ್ದ ಮಾರಿಕಾ ಏನಾಯಿತೆಂದು ಕೇಳಿದಳು. ನಾಚಿಕೆಯಿಂದಲೇ ಹೇಳಿದೆ. ಅವಳು ಮೊದಲ ಸಲ ನಕ್ಕಳು. ನಕ್ಕು, ನನ್ನ ಪ್ರಶ್ನಾವಳಿಯನ್ನು ಹತ್ತಿರ ಎಳೆದುಕೊಂಡು, ‘ಕಾಯುವವರು ಯಾರು’ ಎಂಬಲ್ಲಿ ಬರೆದಿದ್ದ ‘ಕಾಲೇಜು’ ಎಂಬುದರ ಕೆಳಗೆ ಪೆನ್ಸಿಲಿನಿಂದ ಒಂದು ಗೆರೆ ಎಳೆದಳು.

ಮಹದೇವು ಅಷ್ಟಕ್ಕೇ ಬಿಡಲಿಲ್ಲ. ಬೈಕು ಹತ್ತಿ ಬದನವಾಳಿಗೇ ಹೋದ. ಕಾಲೇಜಿನ ಗುರುತಿನ ಚೀಟಿ ತೋರಿಸಿದ. ಚಿಕ್ಕತಾಯಮ್ಮ ಅವನಿಗೆ ಕಾಫಿ ಕೊಟ್ಟರು, ಕೂರಿಸಿದರು, ಅವನಿಗೆ ಎಷ್ಟು ಮಕ್ಕಳೆಂದು ವಿಚಾರಿಸಿದರು. ಅಂಕಿ ಮಾತ್ರ ಹೇಳಲಿಲ್ಲ.

ಗುರುವಾರ

ಆ ದಿನ ಭಾಷಣಕಾರರು ಏನು ಹೇಳಿದರೋ ನನಗೆ ಒಂದೂ ನೆನಪಿಲ್ಲ. ಗೋಡೆಯ ಗಡಿಯಾರ ನೋಡಿ ಎರಡೂವರೆ ಗಂಟೆ ಕೂಡಿಸಿಕೊಳ್ಳುವುದೇ ಕೆಲಸವಾಗಿತ್ತು. ಅಲ್ಲಿ ಎರಡೂವರೆ ಹೊಡೆದರೆ ನಮ್ಮಲ್ಲಿ ಐದು.

ಒಂದು ಗಂಟೆಗೆ ಮಹದೇವು ಬದನವಾಳಿನಿಂದ ಫೋನ್ ಮಾಡಿದ. ಬೆಳಿಗ್ಗೆಯೇ ಮತ್ತೆ ಹೋಗಿ ಜಗಲಿಯಲ್ಲಿ ಕೂತಿದ್ದನಂತೆ. ಕುಮಾರನ ಟೆಂಪೋ ಆಗಷ್ಟೇ ಬಂದಿತ್ತು. ಕುಮಾರ ಫೋನು ತೆಗೆದುಕೊಂಡು, “ಚೆನ್ನಾಗಿದ್ದೀರಾ ಮೇಡಂ?” ಎಂದ. ಕ್ಷಮಿಸು ಎಂದೆ. ಯಾವುದಕ್ಕೆ ಎಂದು ಅವನು ಕೇಳಲಿಲ್ಲ. “ನಂಬರ್ ತೆಗೀರಿ ಅಂತ ಎರಡು ಸಲ ಮೇಲ್ ಮಾಡಿದ್ದೆ ಮೇಡಂ. ಕಾಲೇಜಿನ ಮೇಲ್‌ಗೇ ಮಾಡಿದ್ದೆ” ಎಂದ. ಆ ಮೇಲ್ ನೋಡುವುದು ಯಾರ ಕೆಲಸವೆಂದು ನಮ್ಮಲ್ಲಿ ಯಾವತ್ತೂ ತೀರ್ಮಾನವಾಗಿರಲಿಲ್ಲ.

ಒಟಿಪಿ ಕಳುಹಿಸಿದೆ. ಅದು ಬಂದದ್ದು ಗುಂಡಿ ಒತ್ತುವ ಹಳೆಯ ಫೋನಿಗೆ. ಮಗ ಒಪ್ಪಿದ ಮೇಲೂ ಅದನ್ನು ಕೈಬಿಡಲು ಚಿಕ್ಕತಾಯಮ್ಮ ಸಿದ್ಧರಿರಲಿಲ್ಲ. ನಾನೇ ಓದುತ್ತೇನೆ ಎಂದರು. ಅಕ್ಷರ ಬಾರದು, ಡೈರಿಯ ಕಾರ್ಡು ನೋಡಿ ನೋಡಿ ಅಂಕಿ ಚೆನ್ನಾಗಿ ಬರುತ್ತದೆ. ಡೈರಿಯಲ್ಲಿ ಹಾಲಿನ ಫ್ಯಾಟ್ ಓದುವ ಹಾಗೆಯೇ ಎರಡೆರಡು ಸೇರಿಸಿ, ನಡುವೆ ಪಾಯಿಂಟು ಹಾಕಿ ಓದಿದರು. ನಾನು ಪಾಯಿಂಟನ್ನು ಎಲ್ಲಿ ಹಾಕಬೇಕೋ ತಿಳಿಯದೆ ತಡಬಡಿಸುವಷ್ಟರಲ್ಲಿ ಕೋಡಿನ ಅವಧಿ ಮುಗಿಯಿತು. ಎರಡನೆಯ ಸಲ ಬಿಡಿಬಿಡಿಯಾಗಿ, ಒಂದೊಂದಾಗಿ ಹೇಳಿದರು. ಬೀಗ ತೆರೆಯಿತು. ಮಾರಿಕಾ ಮೇಜಿನ ಮೇಲೆ ಎರಡೂ ಕೈ ಊರಿ ಪರದೆಗೆ ಬಗ್ಗಿದ್ದಳು. ಅಷ್ಟು ಹತ್ತಿರ ಅವಳು ಯಾರ ಪಕ್ಕದಲ್ಲೂ ನಿಂತದ್ದನ್ನು ನಾನು ಆ ವಾರ ನೋಡಿರಲಿಲ್ಲ.

ಸಹನಾಳ ಹೆಸರಿನ ಎದುರು ಅಂಕ ಇತ್ತು, ಕೆಳಗೆ ನನ್ನ ಸಹಿ ಇತ್ತು. ಪ್ರಿನ್ಸಿಪಾಲರಿಗೆ ಕಳುಹಿಸಿದೆ. ಅವರು ಅಚ್ಚು ಹಾಕಿಸಿ, ಸಹಿ ಮಾಡಿ, ಏರಿಸಿ, ಸ್ವೀಕೃತಿಯ ಪುಟವನ್ನು ನನಗೆ ವಾಪಸು ಕಳುಹಿಸಿದಾಗ ಅಲ್ಲಿನ ಗಡಿಯಾರದಲ್ಲಿ ಎರಡು ಗಂಟೆ ಹತ್ತು ನಿಮಿಷ.

ಸಂಜೆ ಅವರದೇ ಫೋನು. ಆಗಿದ್ದು ಆಗಿಹೋಯಿತು, ನಾಳೆ ವೇದಿಕೆಯ ಮೇಲೆ ನಾಲ್ಕೇ ಹೇಳಿ ಎಂದರು. “ಲ್ಯಾಬು ಮಕ್ಕಳಿಗೆ ತಾನೇ ಮೇಡಂ?” ಎಂದು ಕೇಳಿದರು. ಅದು ಸುಳ್ಳೇನಲ್ಲ. ನಮ್ಮ ಮಕ್ಕಳು ಒಂದು ಕಂಪ್ಯೂಟರಿಗೆ ನಾಲ್ಕು ಜನ ಕೂರುತ್ತಾರೆ. ಹೂಂ ಎಂದೆನೋ ಇಲ್ಲವೋ ನನಗೇ ಗೊತ್ತಿಲ್ಲ.

ಶುಕ್ರವಾರ

ನನ್ನ ಸರದಿ ಮಧ್ಯಾಹ್ನ. ನನಗಿಂತ ಮೊದಲು ಮಾತಾಡಿದವರಲ್ಲಿ ಮೂರಕ್ಕಿಂತ ಕಡಿಮೆ ಹೇಳಿದವರು ಯಾರೂ ಇರಲಿಲ್ಲ. ನಾನು ನಾಲ್ಕು ಎಂದು ಬರೆದುಕೊಂಡಿದ್ದ ಹಾಳೆಯನ್ನೇ ಹಿಡಿದು ಹೋಗಿದ್ದೆ. ಮೈಕಿನ ಮುಂದೆ ನಿಂತಾಗ ಬಾಯಿಗೆ ಬಂದದ್ದು ಒಂದು. ಏಕೆ ಒಂದು ಎಂದು ಕೇಳಿದರು. ವಾರದಲ್ಲಿ ನಡೆದದ್ದನ್ನು ನಡೆದ ಹಾಗೇ ಹೇಳಿದೆ. ಗುಜರಿಗೆ ಹಾಕಿಸಿದವಳು ನಾನು ಎಂಬುದನ್ನೂ ಹೇಳಿದೆ. ಸಭೆ ಮೌನವಾಗಿತ್ತು. ಅಲ್ಲಿನ ಮೌನವನ್ನು ಓದುವುದು ಒಂದು ವಾರದಲ್ಲಿ ಕಲಿಯುವ ವಿದ್ಯೆಯಲ್ಲ. ಇಳಿದು ಬಂದ ಮೇಲೆ ಕೀನ್ಯಾದ ಒಬ್ಬ ಮೇಷ್ಟರು ಹತ್ತಿರ ಬಂದು, ತಮ್ಮ ಕಾಲೇಜಿನ ನಂಬರು ಯಾರದೆಂದು ಈಗಲೇ ನೋಡಬೇಕು, ಹೇಗೆ ನೋಡುವುದು ಎಂದು ಮೆಲ್ಲಗೆ ಕೇಳಿದರು.

ಮಾಡಿದ್ದು ಸರಿಯೋ ತಪ್ಪೋ ಎಂದು ವಿಮಾನದ ದಾರಿಯಿಡೀ ಯೋಚಿಸಿದೆ. ಒಂದು ಸಲ ಸರಿ ಅನ್ನಿಸುತ್ತಿತ್ತು. ನಾಲ್ಕು ಜನ ಒಂದು ಪರದೆಯನ್ನು ಇಣುಕುವುದು ಕಣ್ಣಿಗೆ ಬಂದರೆ ತಪ್ಪು ಅನ್ನಿಸುತ್ತಿತ್ತು.

ತಿ. ನರಸೀಪುರ

ಲ್ಯಾಬು ಬರಲಿಲ್ಲ. ಪ್ರಿನ್ಸಿಪಾಲರು ಹದಿನೈದು ದಿನ ನನ್ನೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು. ಹದಿನಾರನೆಯ ದಿನ ಕರೆದು, ಖಾತೆಯ ಕೀಲಿ ಮೂವರ ಬಳಿ ಇರಲಿ, ಯಾರು ಯಾರು ಎಂದು ನೀವೇ ಬರೆದುಕೊಡಿ, ಸಹಿ ಹಾಕುತ್ತೇನೆ ಎಂದರು. ಕುಮಾರನನ್ನು ಒಂದು ದಿನ ಕರೆಸಿ, ನಂಬರು ತೆಗೆಸಿ, ಶಾಲು ಹೊದಿಸಿದೆವು. ತಡವಾಗಿತ್ತು. ಅವನು ಶಾಲು ಮಡಚಿ ಟೆಂಪೋದ ಸೀಟಿನ ಮೇಲೆ ಇಟ್ಟುಕೊಂಡು ಹೋದ.

ಜುಲೈ ಕೊನೆಯಲ್ಲಿ ಸಹನಾ ಬಂದಳು. ತಿದ್ದಿದ ಅಂಕಪಟ್ಟಿ ಕೈಗೆ ಬಂದಿತ್ತು. ಬಿ.ಎಡ್. ಸೇರುವುದಿತ್ತು. ನಮಸ್ಕಾರ ಮಾಡಿ ಹೋಗುವುದನ್ನು ಬಿಟ್ಟು ಬಾಗಿಲಲ್ಲೇ ನಿಂತಳು.

“ಮೇಡಂ, ಒಂದ್ಮಾತು ಕೇಳ್ಲಾ? ಅದ್ರೊಳಗೆ ನಂದು ಏನೇನದೆ ಅಂತ ನಾನು ನೋಡ್ಬೌದಾ?”

ಪ್ರಶ್ನಾವಳಿಯಲ್ಲಿ ಒಡೆಯರು, ಕಾಯುವವರು, ಜವಾಬ್ದಾರರು ಎಲ್ಲರೂ ಇದ್ದರು. ಮೂರು ಕೀಲಿಗಳ ಕಾಗದದಲ್ಲೂ ಮೂವರು ಇದ್ದರು. ಅವಳು ಯಾವುದರಲ್ಲೂ ಇರಲಿಲ್ಲ. ನೋಡಬಹುದೆಂದೂ ನಿಯಮವಿಲ್ಲ, ಕೂಡದೆಂದೂ ನಿಯಮವಿಲ್ಲ. ಕುರ್ಚಿ ಎಳೆದು ಕೂರಿಸಿ ಅವಳ ಹಾಳೆ ತೆರೆದೆ.

ಅವಳು ಅಂಕ ನೋಡಲಿಲ್ಲ. ಮೇಲಿನ ಸಾಲಿನ ಮೇಲೆ ಬೆರಳಿಟ್ಟಳು. “ನಮ್ಮಪ್ಪ ನಂಜುಂಡಯ್ಯ ಅಲ್ಲ ಮೇಡಂ, ನಂಜಯ್ಯ. ಮೂರ್ ವರ್ಸದಿಂದ ಇಂಗೇ ಅದಾ?”

ಮೂರು ವರ್ಷದಿಂದ ಹಾಗೇ ಇತ್ತು. ಮೂವರಲ್ಲ, ಮೂವತ್ತು ಜನರ ಬಳಿ ಕೀಲಿ ಇದ್ದಿದ್ದರೂ ಅದು ಹಾಗೇ ಇರುತ್ತಿತ್ತು. ತಿದ್ದಿದೆ. ಅವಳು ಒಮ್ಮೆ ಓದಿಕೊಂಡು, ಸರಿ ಎಂದು ತಲೆಯಾಡಿಸಿ ಎದ್ದಳು.

ಅವಳು ಹೊರಗೆ ಯಾರಿಗೆ ಹೇಳಿದಳೋ ಕಾಣೆ. ಊಟದ ಹೊತ್ತಿಗೆ ಕಚೇರಿಯ ಬಾಗಿಲಲ್ಲಿ ಹನ್ನೊಂದು ಜನ ಮಕ್ಕಳು, ಒಬ್ಬರ ಮೇಲೊಬ್ಬರು ಬಿದ್ದು, ನಂದೂ ತೋರ್ಸಿ ನಂದೂ ತೋರ್ಸಿ ಎನ್ನುತ್ತಾ ನಿಂತಿದ್ದರು. ಮಹದೇವು ಒಂದು ಗಳಿಗೆ ಅವರನ್ನು, ಒಂದು ಗಳಿಗೆ ನನ್ನನ್ನು ನೋಡಿ, ಗೊಣಗುತ್ತಾ ಹೋಗಿ ಇನ್ನೊಂದು ಕುರ್ಚಿ ತಂದು ನನ್ನ ಪಕ್ಕದಲ್ಲಿ ಹಾಕಿದ.